ರಾಜನ ರೊಪ್ಪ

ಈ ಕಥೆಯನ್ನು ಅಪ್ಪ ಯಾವಾಗಲೂ ಕುರಿಯಿಂದಲೇ ಶುರು ಮಾಡುತ್ತಾನೆ. ವಿಮಾನದ ಮಾತು ಆಮೇಲೆ, ರಾಜನ ಮಾತು ಎಲ್ಲಕ್ಕಿಂತ ಕೊನೆಗೆ. ಮದಕರಿಪುರದ ಆಚೆಗಿರುವ ನಮ್ಮ ಹಟ್ಟಿಯಲ್ಲಿ ಮಾಗಿಯ ರಾತ್ರಿ ರೊಪ್ಪದ ಮುಂದೆ ಬೆಂಕಿ ಹಾಕಿ ಕೂತಾಗ, ಹೊಸಬರು ಯಾರಾದರೂ ಬಂದು ಸೇರಿಕೊಂಡರೆ ಸಾಕು, "ಎರಡು ಸಾವಿರ ವರ್ಸದ ಕುರಿ ನೋಡ್ಕಂಡು ಬಂದೀನಿ ಕಣ್ರಪ್ಪಾ" ಅಂತ ಎತ್ತಿಕೊಳ್ಳುತ್ತಾನೆ. ಹೆಸರು, ಇಸವಿಗಳನ್ನು ನನ್ನ ಪಾಲಿಗೆ ಬಿಡುತ್ತಾನೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಹಾಗಾಗಿ ಈ ಕಥೆಯಲ್ಲಿ ಅರ್ಧ ಅವನದು, ಅರ್ಧ ನನ್ನದು.

ನಾವು ಚೀನಾಕ್ಕೆ ಹೋದದ್ದು ಬಾಣಂತನಕ್ಕೆ. ತಮ್ಮ ಆಗ ಶಿಯಾನ್ ನಗರದಲ್ಲಿ ಕೆಲಸದಲ್ಲಿದ್ದ. ಅವನ ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಅವ್ವ ಹೋಗಲೇಬೇಕು, ಅವ್ವನನ್ನು ಒಬ್ಬಳನ್ನೇ ಕಳಿಸುವುದಕ್ಕೆ ಅಪ್ಪನಿಗೆ ಮನಸ್ಸಿಲ್ಲ, ಇಬ್ಬರನ್ನೇ ಕಳಿಸುವುದಕ್ಕೆ ನನಗೆ ಧೈರ್ಯವಿಲ್ಲ. ಕುರಿಗಳನ್ನು ಚಿಕ್ಕಪ್ಪನ ಮಕ್ಕಳಿಗೆ ಒಪ್ಪಿಸಿ, ಅವುಗಳಲ್ಲಿ ಯಾವುದಕ್ಕೆ ಕಾಲುನೋವು, ಯಾವುದು ಗಬ್ಬ, ಯಾವ ಟಗರನ್ನು ದೂರ ಕಟ್ಟಬೇಕು ಎಂದೆಲ್ಲ ಹೇಳಿ ಮುಗಿಸುವುದಕ್ಕೇ ಅಪ್ಪನಿಗೆ ಒಂದು ಸಂಜೆ ಹಿಡಿಯಿತು. ತಮ್ಮ ದಪ್ಪ ಜಾಕೀಟು ಕೊಡಿಸುತ್ತೇನೆಂದು ಫೋನಿನಲ್ಲಿ ಹೇಳಿದರೂ ಅಪ್ಪ ತನ್ನ ಚಳ್ಳಕೆರೆಯ ಕರಿ ಕಂಬಳಿಯನ್ನು ಬಿಟ್ಟು ಬರಲಿಲ್ಲ. ಶಿಯಾನಿನ ಚಳಿಗೆ ಜಾಕೀಟಿನ ಮೇಲೆ ಅದನ್ನೇ ಹೊದ್ದು ಓಡಾಡಿದ.

ಮಗು ಹುಟ್ಟಿ, ಅವ್ವನಿಗೆ ಕೈ ತುಂಬ ಕೆಲಸವಾಯಿತು. ಅಪ್ಪನಿಗೆ ಏನೂ ಕೆಲಸವಿಲ್ಲ. ಹನ್ನೆರಡನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡುತ್ತಾ ಕೂತಿರುತ್ತಿದ್ದ. ಅವನ ಮುಖ ನೋಡಲಾಗದೆ ತಮ್ಮ ನಮ್ಮಿಬ್ಬರನ್ನೂ ಮಣ್ಣಿನ ಸೈನ್ಯ ತೋರಿಸಲು ಕರೆದುಕೊಂಡು ಹೋದ. ಲೋಕವೆಲ್ಲ ನೋಡುವಂಥದ್ದು ಅದು, ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದು ಮಾಡಿದ ಛಿನ್ ಶಿ ಹ್ವಾಂಗ್ ಚಕ್ರವರ್ತಿಯ ಗೋರಿಯ ಕಾವಲಿಗೆಂದು ಆಳೆತ್ತರದ ಸಾವಿರಾರು ಸೈನಿಕರನ್ನು ಸಾಲಾಗಿ ನಿಲ್ಲಿಸಿದ್ದಾರೆ. 1974ರಲ್ಲಿ ರೈತರು ಬಾವಿ ತೋಡುವಾಗ ಮೊದಲ ಬಾರಿಗೆ ಇದು ಕಣ್ಣಿಗೆ ಬಿತ್ತು ಎಂದು ತಮ್ಮ ಹೇಳಿದ. ಅಪ್ಪ ಆ ಜನಜಂಗುಳಿಯಲ್ಲಿ ಅವನ ಭುಜ ಹಿಡಿದು ಕೇಳಿದ್ದು ಒಂದೇ ಮಾತು:

"ಅಲ್ಲಪ್ಪಾ, ಆ ರೈತರಿಗೆ ನೀರು ಬಿತ್ತಾ?"

ತಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಬೋರಿನ ಮೇಲೆ ಬೋರು ಕೊರೆಸಿ, ಬರೀ ಧೂಳು ಎದ್ದದ್ದನ್ನು ಕಂಡ ಸೀಮೆಯವನು ಅಪ್ಪ. ಆ ಪ್ರಶ್ನೆ ನನಗೆ ಇವತ್ತಿಗೂ ಸರಿಯಾದ ಪ್ರಶ್ನೆ ಎಂದೇ ಅನ್ನಿಸುತ್ತದೆ.

ವಾಪಸು ಬರುವಾಗ ನಾನು ಅಪ್ಪನಿಗೆ ಚಂದ್ರವಳ್ಳಿಯ ನಾಣ್ಯದ ಕಥೆ ಹೇಳಿದೆ. ಚಂದ್ರವಳ್ಳಿ ಅವನಿಗೆ ಹೊಸದಲ್ಲ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಆ ಕಣಿವೆಯಲ್ಲಿ ಹುಡುಗನಾಗಿದ್ದಾಗ ಕುರಿ ಮೇಯಿಸಿದ್ದಾನೆ, ಅಂಕಲಿ ಮಠದ ಗವಿಯ ಕತ್ತಲಿಗೆ ಹೆದರಿ ಹೊರಗೇ ನಿಂತಿದ್ದಾನೆ, ಮಯೂರಶರ್ಮನ ಶಾಸನವಿರುವ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದ್ದಾನೆ. ಆದರೆ ಆ ನೆಲವನ್ನು 1908-09ರಲ್ಲಿ ಆರ್. ನರಸಿಂಹಾಚಾರ್ಯರು, 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದರೆಂಬುದು ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ಶಾತವಾಹನರ ಸೀಸದ ನಾಣ್ಯಗಳು ಸಿಕ್ಕವು, ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕವು. ಜೊತೆಗೆ ಚೀನಾದ್ದೂ ಒಂದು. ಅದನ್ನು ಹಾನ್ ವಂಶದ ವೂ ಚಕ್ರವರ್ತಿಯ ಕಾಲದ್ದೆಂದು ಆಗಿನ ವಿದ್ವಾಂಸರು ಗುರುತಿಸಿದರು. ಆ ಗುರುತನ್ನು ಒಪ್ಪದವರೂ ಇದ್ದಾರೆ. ನಮ್ಮ ಕಣಿವೆಗೂ ಆ ದೇಶಕ್ಕೂ ಒಂದು ಎಳೆ ಇತ್ತೆಂಬ ಆಸೆ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಇದೇ ವೂ ಚಕ್ರವರ್ತಿ ಝಾಂಗ್ ಛ್ಯೆನ್ ಎಂಬ ರಾಯಭಾರಿಯನ್ನು ಪಡುವಣಕ್ಕೆ ಕಳಿಸಿದ್ದ. ಇವತ್ತಿನ ಅಫಘಾನಿಸ್ತಾನದ ಉತ್ತರಕ್ಕಿದ್ದ ಬಾಕ್ಟ್ರಿಯಾದ ಸಂತೆಯಲ್ಲಿ ಆತ ತನ್ನದೇ ನಾಡಿನ ನೈಋತ್ಯ ಮೂಲೆಯ ಬಟ್ಟೆಯನ್ನೂ ಬಿದಿರಿನ ಕೋಲುಗಳನ್ನೂ ಕಂಡು ಬೆರಗಾಗಿ ಕೇಳಿದನಂತೆ: ಇವು ಇಲ್ಲಿಗೆ ಹೇಗೆ ಬಂದವು? ಇಂಡಿಯಾದಲ್ಲಿ ಕೊಂಡು ತಂದೆವು ಎಂದರಂತೆ ಅಲ್ಲಿಯ ವ್ಯಾಪಾರಿಗಳು. ಇತಿಹಾಸಕಾರ ಸಿಮಾ ಛ್ಯೆನ್ ಬರೆದಿಟ್ಟ ಸಂಗತಿ ಇದು. ಕೋಲಿನ ಮಾತು ಬಂದದ್ದೇ ಅಪ್ಪ ನೆಟ್ಟಗೆ ಕೂತ. "ಹಂಗಾದ್ರೆ ಕೋಲು ಹಿಡಿದೋರು ಅವಾಗ್ಲೂ ಇದ್ರು ಅನ್ನು" ಅಂದ. ಆ ವೂ ಚಕ್ರವರ್ತಿಯ ಅಪ್ಪನ ಗೋರಿ ಇಲ್ಲೇ, ವಿಮಾನ ನಿಲ್ದಾಣದ ದಾರಿಯಲ್ಲೇ ಇದೆ, ಅಲ್ಲಿ ಇಷ್ಟು ಜನ ಇರುವುದಿಲ್ಲ ಎಂದು ತಮ್ಮ ಹೇಳಿದ. ಹೋಗೋಣ ಎಂದದ್ದು ಅಪ್ಪನೇ.

ಆ ಜಾಗದ ಹೆಸರು ಯಾಂಗ್‌ಲಿಂಗ್. ಕ್ರಿ.ಪೂ. 157ರಿಂದ 141ರವರೆಗೆ ಆಳಿದ ಜಿಂಗ್ ಚಕ್ರವರ್ತಿಯದು. ಊರು ಬಿಟ್ಟು ವೇ ನದಿ ದಾಟಿ ಉತ್ತರಕ್ಕೆ ಹೋದರೆ ಹಳದಿ ಮಣ್ಣಿನ ಬಯಲು, ಅದರ ನಡುವೆ ಸುಮಾರು 30 ಮೀಟರ್ ಎತ್ತರದ ಚೌಕಾಕಾರದ ಮಣ್ಣಿನ ದಿಬ್ಬ. ಮೇಲೆ ಹುಲ್ಲು, ಗಿಡ. ಹೊರಗಿನಿಂದ ನೋಡಿದರೆ ಅಷ್ಟೇ. ಅಪ್ಪ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ, ದಿಬ್ಬದ ಇಳಿಜಾರನ್ನು ಕಣ್ಣಲ್ಲೇ ಅಳೆದು, "ಕೆರೆ ಏರಿ ತುಳಿಸಿದಂಗೆ ತುಳಿಸವ್ರೆ, ಅದಕ್ಕೇ ನಿಂತೈತೆ" ಅಂದ. ನಿಜ. ಪದರ ಪದರವಾಗಿ ಮಣ್ಣು ಹಾಕಿ ಕುಟ್ಟಿ ಕುಟ್ಟಿ ಕಟ್ಟಿದ ದಿಬ್ಬ ಅದು.

ಆ ದಿಬ್ಬದ ಸುತ್ತ ಉದ್ದುದ್ದನೆಯ ಕಂದಕಗಳಿವೆ, ಎಂಬತ್ತಕ್ಕೂ ಹೆಚ್ಚು. 1990ರಲ್ಲಿ ವಿಮಾನ ನಿಲ್ದಾಣಕ್ಕೆ ಹೆದ್ದಾರಿ ಮಾಡುವಾಗ ಇಲ್ಲಿಯ ಮಣ್ಣಿನ ಬೊಂಬೆಗಳು ಬೆಳಕಿಗೆ ಬಂದವು. ಕೆಲವು ಕಂದಕಗಳನ್ನು ಇದ್ದಲ್ಲೇ ಬಿಡಿಸಿ, ಮೇಲೆ ಸೂರು ಹಾಕಿ, ನೆಲದೊಳಗೇ ಒಂದು ಮ್ಯೂಸಿಯಂ ಮಾಡಿದ್ದಾರೆ. ಅದು ಜನರಿಗೆ ತೆರೆದದ್ದು 2006ರಲ್ಲಿ. ಇಳಿಜಾರಿನಲ್ಲಿ ಇಳಿದು ಒಳಗೆ ಹೋಗಬೇಕು. ಬಾಗಿಲಲ್ಲೇ ಚಪ್ಪಲಿ, ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ತೊಡಿಸುತ್ತಾರೆ. ಅಪ್ಪ ಬೂಟನ್ನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕಾವಲಿನ ಹುಡುಗಿ ಬೇಡ ಬೇಡ ಎಂದು ಕೈಯಾಡಿಸಿದಳು. ತಮ್ಮ ಏನೋ ಹೇಳಿದ. ಅವಳು ಅಪ್ಪನ ಮುಖ ನೋಡಿ, ಕಂಬಳಿ ನೋಡಿ, ಸುಮ್ಮನೆ ಇನ್ನೊಂದು ಜೊತೆ ಚೀಲ ಕೊಟ್ಟು ಅವನ ಕಾಲುಚೀಲದ ಮೇಲೇ ತೊಡಿಸಿದಳು.

ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ನೋಡಿದರೆ ಕಾಲ ಕೆಳಗೆ ಗಾಜು, ಗಾಜಿನ ಕೆಳಗೆ ಕಂದಕ. ಅಪ್ಪ ಗಾಜಿನ ಅಂಚಿನಲ್ಲೇ ನಿಂತುಬಿಟ್ಟ.

"ಸತ್ತೋರ ನೆತ್ತಿ ಮೇಲೆ ಕಾಲಿಡಾದೇನವ್ವಾ?"

ಅಲ್ಲಿ ಹೆಣವಿಲ್ಲ, ಬರೀ ಬೊಂಬೆಗಳು ಎಂದೆ. ಹೆಗಲ ಮೇಲಿದ್ದ ಕಂಬಳಿ ತೆಗೆದು, ಮಡಿಚಿ, ಕಂಕುಳಲ್ಲಿಟ್ಟುಕೊಂಡ. ಊರಲ್ಲಿ ಬೀರಪ್ಪನ ಗುಡಿ ಮುಂದೆ ಹಾಗೆ ಮಾಡುತ್ತಾನೆ. ಗಾಜಿನ ಮೇಲೆ ಹೆಜ್ಜೆ ಇಡದೆ, ಪಕ್ಕದ ಗಟ್ಟಿ ನೆಲದಲ್ಲೇ ಗೋಡೆ ಹಿಡಿದು ಮುಂದೆ ನಡೆದ.

ಮೊದಲು ಮನುಷ್ಯರು. ಮೊಣಕಾಲೆತ್ತರದ ಗಂಡು ಹೆಣ್ಣು ಬೊಂಬೆಗಳು, ಸುಮಾರು 60 ಸೆಂಟಿಮೀಟರ್, ಮೈಮೇಲೆ ಬಟ್ಟೆಯಿಲ್ಲ, ತೋಳೂ ಇಲ್ಲ. ಇಟ್ಟಾಗ ಹಾಗಿರಲಿಲ್ಲ. ಮರದ ತೋಳು ಜೋಡಿಸಿ, ರೇಷ್ಮೆ ಉಡಿಸಿ, ಮುಖಕ್ಕೆ ಬಣ್ಣ ಹಚ್ಚಿ ನಿಲ್ಲಿಸಿದ್ದರು. ಮರವನ್ನೂ ರೇಷ್ಮೆಯನ್ನೂ ಮಣ್ಣು ತಿಂದಿತು, ಸುಟ್ಟ ಮಣ್ಣು ಉಳಿಯಿತು. ಅಪ್ಪ ಅವರನ್ನು ಹೆಚ್ಚು ನೋಡಲಿಲ್ಲ, ಬತ್ತಲೆ ಜನರನ್ನು ದಿಟ್ಟಿಸುವುದು ಅವನಿಗೆ ಕಷ್ಟವಾಗಿರಬೇಕು. ಮುಂದಿನ ಕಂದಕಕ್ಕೆ ಬಂದವನು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಕುರಿ. ಆಡು. ಒಂದರ ಪಕ್ಕ ಒಂದು, ಭುಜಕ್ಕೆ ಭುಜ ತಾಗಿಸಿ, ಎಲ್ಲ ಒಂದೇ ದಿಕ್ಕಿಗೆ ಮುಖಮಾಡಿ, ಸಾಲು ಸಾಲು. ಸಂಜೆ ರೊಪ್ಪದ ಬಾಗಿಲು ತೆಗೆಯುವ ಮುಂಚೆ ಅವು ನಿಲ್ಲುವುದು ಹಾಗೇ. ಅವುಗಳ ಆಚೆಗೆ ನಾಯಿಗಳ ಸಾಲು, ಹಂದಿಗಳ ಸಾಲು, ದನ, ಕೋಳಿ. ಕೆಂಪು, ಕಂದು ಬಣ್ಣದ ಗುರುತು ಅಲ್ಲಲ್ಲಿ ಇನ್ನೂ ಅಂಟಿಕೊಂಡಿದೆ. ಕೆಲವು ಮಣ್ಣಿನಲ್ಲಿ ಅರ್ಧ ಹೂತಿವೆ, ಬೆನ್ನು ಮಾತ್ರ ಕಾಣುತ್ತವೆ. ಒಂದು ಕುರಿ ಪಕ್ಕದ್ದರ ಮೈಮೇಲೆ ಒರಗಿತ್ತು. ಗಾಜಿನ ಗೋಡೆಗೆ ಮೂಗು ತಾಗಿಸಿ ಅಪ್ಪ ಎಷ್ಟು ಹೊತ್ತು ಕೂತಿದ್ದನೋ ಲೆಕ್ಕವಿಲ್ಲ.

"ಮಾಡಿದೋನು ಕುರಿ ಸಾಕಿದ್ದೋನೇ" ಅಂದ ಕೊನೆಗೆ. "ಬರೀ ನೋಡಿದೋನಿಗೆ ಇದು ಬರಾಕಿಲ್ಲ. ಆ ಕಿವಿ ನೋಡು. ಬೆನ್ನಿನ ಇಳಿ ನೋಡು. ಆಡಿನ ನಿಲುವೇ ಬ್ಯಾರೆ, ಕುರಿ ನಿಲುವೇ ಬ್ಯಾರೆ, ಎರಡನ್ನೂ ತಿಳ್ಕಂಡವ್ನೆ."

ನಾನು ಅಲ್ಲಿಯವರೆಗೆ ಎರಡನ್ನೂ ಕುರಿ ಎಂದೇ ನೋಡಿದ್ದೆ. ಅವನು ತೋರಿಸಿದ ಮೇಲೆ ಕತ್ತಿನ ಎತ್ತರ, ಎದೆಯ ಅಗಲ, ಎಲ್ಲ ಬೇರೆ ಬೇರೆಯಾಗಿ ಕಂಡವು. ನಾಯಿಗಳಲ್ಲಿ ಎರಡು ಬಗೆ ಇರುವುದನ್ನೂ ಅವನೇ ಹೇಳಿದ. ಕೆಲವಕ್ಕೆ ಬಾಲ ಸುರುಳಿ, ಕೆಲವಕ್ಕೆ ಇಳಿಬಿದ್ದ ಬಾಲ. "ಇವು ಮನೆ ನಾಯಿ, ಇವು ಮಂದೆ ನಾಯಿ ಇರಬೈದು" ಅಂದ. ತಮ್ಮ ಫಲಕ ಓದುತ್ತಿದ್ದ. ಇದು ರಾಜನ ಮುಂದಿನ ಬಾಳಿಗೆ ಬೇಕಾದ ದವಸ, ಮಾಂಸದ ಉಗ್ರಾಣ, ಅರಮನೆಯ ಒಂದೊಂದು ಇಲಾಖೆಗೂ ಒಂದೊಂದು ಕಂದಕ ಎಂದು ಅದರಲ್ಲಿತ್ತು. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ.

"ತಿನ್ನಾಕೇ ಆದ್ರೆ ಎಣ್ಣು ಗಂಡು ಎರಡೂ ಯಾಕ್ಲಾ? ಹಿಂಡು ಬೆಳೀಲಿ ಅಂತ ಇಟ್ಟವ್ರೆ. ಅದಿರ್ಲಿ, ಕಾಯೋರು ಎಲ್ಲಿ? ಇಷ್ಟಕ್ಕೂ ನೀರು ಕುಡ್ಸೋದು ಎಲ್ಲಿ?"

ಆ ಕಂದಕಗಳಲ್ಲೊಂದರಲ್ಲಿ ಕಾಳು, ಎಲೆಗಳ ಕುರುಹೂ ಸಿಕ್ಕಿವೆ. ಅದರಲ್ಲಿದ್ದ ಒಣಗಿದ ಎಲೆಗಳು ಚಹಾ ಎಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಅಷ್ಟು ಹಳೆಯ ಚಹಾ ಅಲ್ಲಿಯವರೆಗೆ ಎಲ್ಲೂ ದೊರೆತಿರಲಿಲ್ಲ. ಅಪ್ಪನ ಕಿವಿ ನೆಟ್ಟಗಾದದ್ದು ಚಹಾಕ್ಕಲ್ಲ, ಅದರ ಜೊತೆಗಿದ್ದ ನವಣೆಗೆ. ನವಣೆಯನ್ನು ಮೊದಲು ಬೆಳೆಗೆ ತಂದವರೇ ಉತ್ತರ ಚೀನಾದ ರೈತರು, ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು ಎಂದೆ. ಅವನು ನಂಬಲಿಲ್ಲ. ನವಣೆ ನಮ್ಮ ಚಳ್ಳಕೆರೆ, ಹಿರಿಯೂರು ಸೀಮೆಯದು, ಮಳೆ ಕೈಕೊಟ್ಟ ವರ್ಷ ಮಕ್ಕಳ ಹೊಟ್ಟೆ ಕಾದದ್ದು ಅದೇ ಎಂದು ವಾದಕ್ಕೆ ನಿಂತ. ಆಮೇಲೆ ತಾನೇ ಯೋಚಿಸಿ, "ಬಂದ್ರೆ ಬಂದಿರ್ಲಿ, ನಮ್ಮ ನೆಲ ಅದುನ್ನ ಸಾಕ್ಕಂಡೈತೆ" ಅಂದ. ದಕ್ಷಿಣದ ಹೊಸ ಶಿಲಾಯುಗದ ನಮ್ಮ ಬೂದಿದಿಬ್ಬಗಳ ಸೀಮೆಯಲ್ಲಿ ಕೊರಲೆ, ಹುರುಳಿ, ಹೆಸರಿನ ಕಾಳುಗಳು ಸಿಕ್ಕಿವೆ. ಕೊರಲೆ ನಮ್ಮದೇ ಎಂದು ಅವನಿಗೆ ಸಮಾಧಾನ ಹೇಳಿದೆ.

ಜಿಂಗ್ ಚಕ್ರವರ್ತಿ ಒಳ್ಳೆಯ ಅರಸ ಎಂದು ಚೀನಾದ ಚರಿತ್ರೆ ಹೊಗಳುತ್ತದೆ. ರೈತರ ಮೇಲಿನ ಕಂದಾಯವನ್ನು ಬೆಳೆಯ ಮೂವತ್ತರಲ್ಲಿ ಒಂದು ಪಾಲಿಗೆ ಇಳಿಸಿದವನು. ಪಾಠ ಮಾಡುವವಳಾಗಿ ನಾನು ಅದನ್ನು ಮೊದಲು ಹೇಳಿದೆ. ಆದರೆ ಹೇಳಬೇಕಾದದ್ದು ಇನ್ನೊಂದಿತ್ತು. ಈ ಗೋರಿಯಿಂದ ಸ್ವಲ್ಪ ದೂರದಲ್ಲಿ, 1972ರಲ್ಲಿ, ಇದನ್ನು ಕಟ್ಟಿದ ಕೈದಿ ಕೂಲಿಗಳ ಸ್ಮಶಾನ ಪತ್ತೆಯಾಯಿತು. ಕತ್ತಿಗೆ ಕಬ್ಬಿಣದ ಕೊರಳಪಟ್ಟಿ, ಕಾಲಿಗೆ ಬೇಡಿ ಇದ್ದ ಹಾಗೇ ಅಸ್ಥಿಪಂಜರಗಳು. ಒಬ್ಬರ ಮೇಲೊಬ್ಬರನ್ನು ಹಾಕಿ ಮುಚ್ಚಿದ್ದರು. ಅವರ ಜೊತೆಗೆ ಮಡಕೆಯಿಲ್ಲ, ಕಾಳಿಲ್ಲ, ಮಣ್ಣಿನ ಕುರಿಯಂತೂ ಇಲ್ಲವೇ ಇಲ್ಲ.

ಅಪ್ಪ ಎದ್ದು ನಿಂತ. "ಬೇಡಿ ಬಿಚ್ಚಲಿಲ್ವಾ? ಸತ್ತ ಮ್ಯಾಲೂ?"

"ಇಲ್ಲಪ್ಪಾ."

"ಮಣ್ಣು ಕೊಟ್ಟೋರು ಯಾರು?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಫಲಕದಲ್ಲೂ ಇರಲಿಲ್ಲ. ಅವನು ಹೊರಗೆ ಬರುವವರೆಗೂ ಮಾತಾಡಲಿಲ್ಲ. ಹೊರಗೆ ಬಂದು, ಬೂಟು ಹಾಕಿಕೊಂಡು, ಕಂಬಳಿ ಹೊದ್ದು, ದಿಬ್ಬದ ಕಡೆಗೆ ಬೆನ್ನು ಮಾಡಿ ಬಯಲಿಗೆ ಒಂದು ಹಿಡಿ ಮಣ್ಣು ಹಾಕಿದ. ಯಾರಿಗೆಂದು ಹೇಳಲಿಲ್ಲ. ನನಗೂ ತಮ್ಮನಿಗೂ ಕೇಳುವ ಅಗತ್ಯ ಬೀಳಲಿಲ್ಲ.

ಬೆಂಕಿಯ ಮುಂದೆ ಈ ಭಾಗ ಬಂದಾಗ ಹಟ್ಟಿಯ ಹಿರಿಯರು ತಲೆ ತಗ್ಗಿಸುತ್ತಾರೆ. ಹುಡುಗರು ಕೇಳುವುದು ಬೇರೆ. ಹೋದ ವರ್ಷ ಒಬ್ಬ ಕೇಳಿದ:

"ಅಜ್ಜಾ, ಆ ದಿಬ್ಬದೊಳಗೆ ಬಂಗಾರ ಎಷ್ಟಿತ್ತು?"

"ಯಾರಿಗ್ಗೊತ್ತು, ಅದುನ್ನ ತೆಗ್ದೇ ಇಲ್ಲ" ಅಂದ ಅಪ್ಪ. ಹುಡುಗ ನಂಬಲಿಲ್ಲ. ನಾನು ಸೇರಿಸಿದೆ. ಜಿಂಗ್ ಚಕ್ರವರ್ತಿಯ ಶವವಿರುವ ಕೋಣೆಯನ್ನೂ, ಮಣ್ಣಿನ ಸೈನ್ಯದ ಚಕ್ರವರ್ತಿಯ ಕೋಣೆಯನ್ನೂ ಚೀನಾದವರು ಇವತ್ತಿಗೂ ತೆರೆದಿಲ್ಲ. ಗಾಳಿ ತಾಗಿದ ಕ್ಷಣ ಬಣ್ಣ ಉದುರುತ್ತದೆ, ರೇಷ್ಮೆ ಪುಡಿಯಾಗುತ್ತದೆ. ಕಾಪಾಡುವ ವಿದ್ಯೆ ಕೈಗೆ ಬರುವವರೆಗೆ ಕಾಯುತ್ತಾರೆ. ಹುಡುಗನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹಳೆಯ ಕಲ್ಲು ಕಂಡರೆ ಮೊದಲು ಹುಟ್ಟುವ ಆಲೋಚನೆ ಅದೇ. ನಿಧಿಯ ಆಸೆಗೆ ದೇವರ ಪೀಠ ಕಿತ್ತವರಿದ್ದಾರೆ, ವೀರಗಲ್ಲು ಉರುಳಿಸಿದವರಿದ್ದಾರೆ, ಅಮಾವಾಸ್ಯೆ ರಾತ್ರಿ ಗುಂಡಿ ತೋಡಿ ನಿಂಬೆಹಣ್ಣು ಬಿಟ್ಟು ಓಡಿದವರಿದ್ದಾರೆ. ಅವರಿಗೆ ಸಿಗುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮೂಳೆ. ನಾವು ಕಳೆದುಕೊಳ್ಳುವುದು ನಮ್ಮ ಪೂರ್ವಿಕರ ಬಗ್ಗೆ ತಿಳಿಯಲು ಇದ್ದೊಂದು ದಾರಿಯನ್ನು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಊರಿಗೆ ಮರಳಿದ ಮೇಲೆ ಬ್ರಹ್ಮಗಿರಿಗೆ ಹೋಗೋಣ ಎಂದದ್ದೂ ಅಪ್ಪನೇ. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು, ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆಸಿದ್ದು. ಬಸ್ಸಿನಲ್ಲಿ ಬಂದವರು ಅದನ್ನು ನೋಡಿ, ಫೋಟೋ ತೆಗೆದು ಹೋಗುತ್ತಾರೆ. ನಾವು ಹೋದದ್ದು ಅದರ ಆಚೆಗೆ, ಹೊಲಗಳ ನಡುವಿನ ಕಲ್ಲುಗಳ ಕಡೆಗೆ. ಅಪ್ಪ ಹರೆಯದಲ್ಲಿ ಮಂದೆ ಹೊಡೆದುಕೊಂಡು ಆ ಸೀಮೆಗೆ ಹೋಗುತ್ತಿದ್ದ. ದುಂಡಗೆ ಸುತ್ತು ಹಾಕಿದ ಆ ಗುಂಡುಕಲ್ಲುಗಳ ನಡುವೆ ಕುರಿಮರಿ ಕೂಡಿ, ಚಪ್ಪಡಿಗೆ ಬೆನ್ನು ಕೊಟ್ಟು ಮಲಗುತ್ತಿದ್ದ. ಇಂಥವನ್ನು ನಮ್ಮ ನಾಡಿನಲ್ಲಿ ಪಾಂಡವರ ಮನೆ, ಮೋರೇರ ಮನೆ ಎಂದೆಲ್ಲ ಕರೆಯುತ್ತಾರೆ. ಅವು ಮನೆಗಳಲ್ಲ, ಗೋರಿಗಳು.

1947ರಲ್ಲಿ ವ್ಹೀಲರ್ ಇಲ್ಲಿ ಹತ್ತು ಗೋರಿಗಳನ್ನು ಬಿಡಿಸಿ ನೋಡಿದ. ಕಣಶಿಲೆಯ ನಾಲ್ಕು ಚಪ್ಪಡಿಗಳನ್ನು ನೆಲದೊಳಗೆ ನೆಟ್ಟಗೆ ನಿಲ್ಲಿಸಿ, ಒಂದರ ಅಂಚು ಇನ್ನೊಂದನ್ನು ದಾಟಿ ಚಾಚುವಂತೆ ಜೋಡಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದಕ್ಕೊಂದು ಬಿಗಿಯಾಗುತ್ತವೆ, ಒಳಕ್ಕೆ ಬೀಳುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು, ಮಣಿಗಳು. ಇವು ಕ್ರಿ.ಪೂ. 2ನೇ ಶತಮಾನದಿಂದ ಈಚಿನವು ಎಂದು ವ್ಹೀಲರ್ ಲೆಕ್ಕ ಹಾಕಿದ್ದ. ಆ ಲೆಕ್ಕ ಹಿಡಿದರೆ ಅಲ್ಲಿ ಜಿಂಗ್ ಚಕ್ರವರ್ತಿಯ ಕುರಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಕಾಲಕ್ಕೇ ಇಲ್ಲಿ ಚಪ್ಪಡಿ ನಿಲ್ಲಿಸುತ್ತಿದ್ದರು. ಈಚಿನ ವಿದ್ವಾಂಸರು ನಮ್ಮವನ್ನು ಇನ್ನೂ ಹಿಂದಕ್ಕೆ ಒಯ್ಯುತ್ತಾರೆ.

ಅಪ್ಪ ಒಂದು ಗೋರಿಯ ಪಕ್ಕ ಬಗ್ಗಿ ಚಪ್ಪಡಿಯ ಅಂಚನ್ನು ಅಂಗೈಯಿಂದ ಸವರಿದ. ಕಂಬಳಿ ಆಗಲೇ ಕಂಕುಳಲ್ಲಿತ್ತು. "ಇದರ ಮ್ಯಾಲೇ ಕೂತು ಮುದ್ದೆ ಉಂಡೀನಿ" ಅಂದ. "ಇಲ್ಲಿ ಬೇಡಿ ಸಿಕ್ಕೈತಾ?" ಎಂದು ಕೇಳಿದ. ಇಲ್ಲ ಎಂದೆ. "ರಾಜನ್ನ ಬ್ಯಾರೆ ಮಾಡಿ ಮಲಗ್ಸಿಲ್ಲ ಅನ್ನು."

ಹೊಲದ ಯಜಮಾನ ಬದುವಿನ ಮೇಲೆ ನಿಂತು ನಮ್ಮನ್ನೇ ನೋಡುತ್ತಿದ್ದ. ನಿಧಿ ಹುಡುಕುವವರು ಎಂದುಕೊಂಡಿದ್ದನೋ ಏನೋ, ಕೈಯಲ್ಲಿ ಸಲಿಕೆ ಬಿಗಿಯಾಗಿತ್ತು. ಅಪ್ಪ ಹತ್ತಿರ ಹೋಗಿ ಊರು, ಮನೆತನ ಹೇಳಿದ.

"ಈ ಕಲ್ಲು ಅಡ್ಡ ಆಗಲ್ವೇನಪ್ಪಾ, ನೇಗಿಲಿಗೆ?"

"ಆಗ್ತವೆ. ನಮ್ಮಪ್ಪನೂ ಬಳಸ್ಕಂಡೇ ಹೊಡೀತಿದ್ದ. ನಾನೂ ಹಂಗೇ. ಟ್ರ್ಯಾಕ್ಟರ್ ಹುಡುಗ್ರು ಕಿತ್ತಾಕು ಅಂತಾರೆ."

"ಕೀಳಬ್ಯಾಡ" ಅಂದ ಅಪ್ಪ. ಆಮೇಲೆ ಬದುವಿನ ಮೇಲೆ ಕೂತು, ದೂರದೇಶದ ಆ ಕಂದಕ, ಗಾಜು, ಸಾಲಾಗಿ ನಿಂತ ಕುರಿ, ಬೇಡಿ ಹಾಕಿದ ಕೂಲಿ, ಎಲ್ಲ ಹೇಳಿದ. ಅವನು ಸಲಿಕೆ ಕೆಳಗಿಟ್ಟು ಕೇಳಿದ. ಕಥೆ ಮುಗಿದ ಮೇಲೆ ತನ್ನ ಹೊಲದ ಇನ್ನೊಂದು ಮೂಲೆಗೆ ಕರೆದೊಯ್ದು, ಜಾಲಿಯ ಪೊದೆ ಸರಿಸಿ, ಯಾರೂ ಮುಟ್ಟದ ಮತ್ತೊಂದು ಕಲ್ಲಿನ ಸುತ್ತನ್ನು ತೋರಿಸಿದ. ವಾಪಸು ಬರುವಾಗ ಇಬ್ಬರೂ ಮಳೆಯ ಮಾತಿಗೆ ಇಳಿದಿದ್ದರು. ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಮಂದೆ ನಿಲ್ಲಿಸುತ್ತೀಯಾ ಎಂದು ಅವನು ಕೇಳಿದ. ರಾತ್ರಿಗೆ ಎಷ್ಟು ಕೊಡುತ್ತೀಯ ಎಂದ ಅಪ್ಪ. ಅವನು ದುಡ್ಡು ಕಡಿಮೆ ಹೇಳಿದ, ರಾಗಿ ಜಾಸ್ತಿ ಹೇಳಿದ. ಸ್ವಲ್ಪ ಎಳೆದಾಡಿ ಅ‌ಪ್ಪ ಒಪ್ಪಿಕೊಂಡ. ಕುರಿ ಬಂದಾಗ ಮರಿಗಳನ್ನು ಕಲ್ಲಿನ ಸುತ್ತಿನೊಳಗೆ ಕೂಡುವುದಿಲ್ಲ, ಬೇರೆ ಮುಳ್ಳಿನ ರೊಪ್ಪ ಹಾಕಿಕೊಳ್ಳುತ್ತೇನೆ ಎಂದೂ ಹೇಳಿದ.